ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ: ಹೊಸ ಪ್ರೊಸೆಸರ್ ಹಾಕಿದ ಮೇಲೆ ಮೊದಲು ಏನು ನೋಡಬೇಕು?

ಪ್ರಶ್ನೆ: ದಾವಣಗೆರೆ ಚೌಕಿಪೇಟೆಯಲ್ಲಿ ನಮ್ಮದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸ್ ಕೆಲಸ. 2019ರಲ್ಲಿ ಜೋಡಿಸಿದ ಕಂಪ್ಯೂಟರ್ ಇದೆ: ಬಿ450 ಮದರ್‌ಬೋರ್ಡ್, ರೈಝನ್ 3 3200ಜಿ ಪ್ರೊಸೆಸರ್, 8 ಜಿಬಿ ರ‍್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಪೆಟ್ಟಿಗೆ). ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೋರೆಲ್‌ಡ್ರಾದಲ್ಲಿ ದೊಡ್ಡ ಫೈಲ್ ತೆರೆದರೆ ಒದ್ದಾಡುತ್ತಿತ್ತು. ಬೆಂಗಳೂರು ಎಸ್.ಪಿ. ರಸ್ತೆಯಿಂದ ರೈಝನ್ 5 5600 ಮತ್ತು ಇನ್ನೊಂದು 8 ಜಿಬಿ ರ‍್ಯಾಮ್ ತಂದು ನಾನೇ ಹಾಕಿದೆ. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ, ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಅನ್ನುತ್ತೆ. ಹಳೇ ಪ್ರೊಸೆಸರನ್ನೇ ವಾಪಸ್ ಕೂರಿಸಿದೆ, ಆಗಲೂ ಅಷ್ಟೇ. ಒಬ್ಬರು ಎಸ್‌ಎಂಪಿಎಸ್ ಸಾಲುತ್ತಿಲ್ಲ ಅಂತಾರೆ, ಇನ್ನೊಬ್ಬರು ಬೋರ್ಡೇ ಹೋಗಿದೆ ಅಂತಾರೆ. ಲಗ್ನದ ಸೀಸನ್ ಬೇರೆ. ಏನು ಮಾಡಲಿ?

ಉತ್ತರ: ಮೊದಲು ಕೆಲಸದ ಮಾತು. ನಿಮ್ಮ ಫೈಲುಗಳಿಗೆ ಏನೂ ಆಗಿಲ್ಲ. ಅವು ಇರುವುದು ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕಿನಲ್ಲಿ, ಅದನ್ನು ನೀವು ಮುಟ್ಟಿಲ್ಲ. ಸಾಟಾ ಡ್ರೈವ್ ಆದರೆ ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಬರುವ ಕೇಬಲ್ ಹಾಕಿ, ಇನ್ನೊಂದು ಕಂಪ್ಯೂಟರಿಗೆ ಪೆನ್‌ಡ್ರೈವ್‌ನಂತೆ ಸಿಕ್ಕಿಸಿದರೆ ಎಲ್ಲವೂ ಕಾಣುತ್ತದೆ. ಒಪ್ಪಿಕೊಂಡ ಪತ್ರಿಕೆಗಳನ್ನು ಇವತ್ತೇ ಅಲ್ಲಿಗೆ ಎತ್ತಿಕೊಂಡು ಕೆಲಸ ಮುಂದುವರಿಸಿ. ಗಿರಾಕಿ ಎದುರಿಗೆ ಕೂತಿರುವಾಗ ಅವಸರದಲ್ಲಿ ಮಾಡಿದ ರಿಪೇರಿಯೇ ಬೋರ್ಡುಗಳನ್ನು ಹಾಳು ಮಾಡುವುದು. ಈ ಕೆಲಸಕ್ಕೆ ಅಂಗಡಿ ಮುಚ್ಚಿದ ಮೇಲಿನ ಒಂದು ಬಿಡುವಿನ ಸಂಜೆ ಬೇಕು.

ಎಸ್‌ಎಂಪಿಎಸ್ ಬದಲಾಯಿಸಬೇಡಿ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. 3200ಜಿ ಕೂಡ 65 ವ್ಯಾಟ್‌ನ ಪ್ರೊಸೆಸರ್, 5600 ಕೂಡ 65 ವ್ಯಾಟ್‌ನದೇ. ಹಿಂದಿನ ದಿನದವರೆಗೆ ಹಳೆಯದನ್ನು ನಡೆಸಿದ 450 ವ್ಯಾಟ್ ಎಸ್‌ಎಂಪಿಎಸ್‌ಗೆ ಹೊಸದರಿಂದ ಹೇಳಿಕೊಳ್ಳುವಂಥ ಭಾರ ಬಿದ್ದಿಲ್ಲ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಆ ಮಾತು ಬೇರೆ ಇತ್ತು.

ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದರ ಮೇಲೊಂದು ಕೂತಿವೆ. ಮಾನಿಟರ್ ಎರಡಕ್ಕೂ ಒಂದೇ ರೀತಿ ಕಪ್ಪಾಗಿರುವುದರಿಂದ ಒಂದೇ ತೊಂದರೆ ಅನ್ನಿಸುತ್ತಿದೆ. ಹೊಸ ಪ್ರೊಸೆಸರ್ ಹಾಕಿದಾಗ ಡಿಸ್‌ಪ್ಲೇ ಬರದಿದ್ದಕ್ಕೆ ಒಂದು ಕಾರಣ, ಹಳೆಯದನ್ನು ವಾಪಸ್ ಹಾಕಿದಾಗ ಬರದಿದ್ದಕ್ಕೆ ಇನ್ನೊಂದು. ಬೇರೆ ಬೇರೆಯಾಗಿ ನೋಡೋಣ.

ಹೊಸದರ ವಿಷಯ ಸರಳ. ನಿಮ್ಮ ಕಂಪ್ಯೂಟರಿನಲ್ಲಿ ರೈಝನ್ 5 5600 ಡಿಸ್‌ಪ್ಲೇ ಕೊಡಲು ಸಾಧ್ಯವೇ ಇರಲಿಲ್ಲ. 3200ಜಿ ಹೆಸರಿನ ಕೊನೆಯಲ್ಲಿರುವ ‘ಜಿ’ ಅಂದರೆ ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇದೆ ಎಂದು. ಮದರ್‌ಬೋರ್ಡಿನ ಹಿಂದಿರುವ ಎಚ್‌ಡಿಎಂಐ ಕಿಂಡಿಗೆ ಚಿತ್ರ ಬರುವುದು ಅಲ್ಲಿಂದ. 5600ರಲ್ಲಿ ಆ ಭಾಗ ಇಲ್ಲ. ಅದನ್ನು ಹಾಕಿದ ಕೂಡಲೇ ಬೋರ್ಡಿನ ಎಚ್‌ಡಿಎಂಐ, ವಿಜಿಎ, ಡಿವಿಐ ಎಲ್ಲ ಕಿಂಡಿಗಳೂ ಸತ್ತಂತೆಯೇ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿ, ಕೇಬಲನ್ನು ಆ ಕಾರ್ಡಿಗೆ ಚುಚ್ಚಿದರೆ ಮಾತ್ರ ಚಿತ್ರ. ಕೌಂಟರಿನಲ್ಲಿ ‘ನಿಮ್ಮ ಹತ್ರ ಗ್ರಾಫಿಕ್ಸ್ ಕಾರ್ಡ್ ಇದೆಯಾ’ ಎಂದು ಒಂದು ಮಾತು ಕೇಳಿದ್ದರೆ ಈ ಅಲೆದಾಟ ಇರುತ್ತಿರಲಿಲ್ಲ. ಇಂಟೆಲ್ ಪ್ರೊಸೆಸರ್ ತರುವವರಿಗೂ ಇದೇ ಎಚ್ಚರಿಕೆ ಬೇಕು: ಅಲ್ಲಿ ಕೊನೆಯಲ್ಲಿ ‘ಎಫ್’ ಇದ್ದರೆ, ಉದಾಹರಣೆಗೆ ಐ5 12400ಎಫ್, ಒಳಗೆ ಗ್ರಾಫಿಕ್ಸ್ ಇಲ್ಲ.

ಇದರ ಜೊತೆಗೆ ಬಯೋಸ್. ಬೋರ್ಡ್ ಆನ್ ಆದ ಕೂಡಲೇ ಮೊದಲು ಓಡುವುದು ಬಯೋಸ್ ಎಂಬ ಚಿಕ್ಕ ತಂತ್ರಾಂಶ. ಯಾವ ಪ್ರೊಸೆಸರನ್ನು ಹೇಗೆ ಎಬ್ಬಿಸಬೇಕು ಎಂಬ ಮಾಹಿತಿ ಇರುವುದು ಅದರಲ್ಲಿ. ರೈಝನ್ 5000 ಸರಣಿ ಹೊರಬಂದದ್ದು 2020ರ ನವೆಂಬರಿನಲ್ಲಿ, ನಿಮ್ಮ 5600 ಬಂದದ್ದು 2022ರ ಏಪ್ರಿಲ್‌ನಲ್ಲಿ. 2019ರ ಬಯೋಸಿಗೆ 2022ರ ಪ್ರೊಸೆಸರ್ ಗೊತ್ತಿರಲು ಹೇಗೆ ಸಾಧ್ಯ? ನಡುವೆ ನೀವು ಬಯೋಸ್ ಅಪ್‌ಡೇಟ್ ಮಾಡಿರದಿದ್ದರೆ, ಗ್ರಾಫಿಕ್ಸ್ ಕಾರ್ಡ್ ಇದ್ದಿದ್ದರೂ ಡಿಸ್‌ಪ್ಲೇ ಬರುತ್ತಿರಲಿಲ್ಲ. ಸಾಕೆಟ್ ಒಂದೇ, ಪ್ರೊಸೆಸರ್ ಸಲೀಸಾಗಿ ಕೂತಿತು, ಫ್ಯಾನೂ ತಿರುಗಿತು ಎಂಬ ಕಾರಣಕ್ಕೆ ಹೊಂದಿಕೊಂಡಿತು ಅನ್ನುವ ಹಾಗಿಲ್ಲ. ಫ್ಯಾನಿಗೆ ಬೇಕಿರುವುದು 12 ವೋಲ್ಟ್ ಮಾತ್ರ, ಪ್ರೊಸೆಸರ್ ಎದ್ದಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಆದ್ದರಿಂದ ಹೊಸ ಪ್ರೊಸೆಸರ್ ಕೆಟ್ಟಿದೆ ಎಂದು ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ಅದು ಚೆನ್ನಾಗಿಯೇ ಇರುವ ಸಾಧ್ಯತೆ ಹೆಚ್ಚು. ಅದನ್ನು ಪೆಟ್ಟಿಗೆಗೆ ಹಾಕಿ, ಬಿಲ್ಲಿನ ಜೊತೆ ಎತ್ತಿಡಿ.

ಈಗ ನಿಜವಾದ ಕಗ್ಗಂಟು: ನಿನ್ನೆವರೆಗೆ ಓಡುತ್ತಿದ್ದ ಹಳೇ ಪ್ರೊಸೆಸರ್ ಯಾಕೆ ಏಳುತ್ತಿಲ್ಲ? ಬಿಚ್ಚಿ ಹಾಕುವಾಗ ನಿಮ್ಮ ಕೈ ತಾಗಿದ ಜಾಗಗಳಲ್ಲೇ ಉತ್ತರ ಇದೆ. ಹೊಸ ರ‍್ಯಾಮನ್ನು ತೆಗೆದಿರಿ ಎಂದು ನೀವು ಬರೆದಿಲ್ಲ. ಬಹುಶಃ ಅದು ಇನ್ನೂ ಬೋರ್ಡಿನಲ್ಲೇ ಇದೆ. ಹಾಗಿದ್ದರೆ ನೀವು ಹಳೆಯ ಸ್ಥಿತಿಗೆ ಅರ್ಧ ಮಾತ್ರ ವಾಪಸ್ ಬಂದಿದ್ದೀರಿ.

ಶುರು ಮಾಡುವ ಮುಂಚೆ ಒಂದು ವಿಷಯ. ಕಂಪ್ಯೂಟರ್ ಆನ್ ಇದ್ದಾಗ ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆಯೇ? ಹಳೇ ಪೇಟೆಯ ಕಟ್ಟಡಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಅರ್ಥಿಂಗ್ ವೈರ್ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಕ್ಯಾಬಿನೆಟ್ಟಿನ ಮೇಲೆ ಲೈನಿನ ಸುಮಾರು ಅರ್ಧದಷ್ಟು ವೋಲ್ಟೇಜ್ ತೇಲುತ್ತಿರುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆ, ಮನುಷ್ಯನಿಗೆ ಜುಮ್ ಎಂದು ಬಿಟ್ಟುಬಿಡುತ್ತದೆ. ಆದರೆ ಆನ್ ಇರುವಾಗಲೇ ಎಚ್‌ಡಿಎಂಐ ಕೇಬಲ್ ಕಿತ್ತು ಚುಚ್ಚಿದರೆ ಕಿಂಡಿಯೇ ಸುಟ್ಟುಹೋಗಬಹುದು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಮಾಡಿಸಿ. ಅಲ್ಲಿಯವರೆಗೆ ಯಾವ ಕೇಬಲನ್ನೂ ಸ್ವಿಚ್ ಆರಿಸದೆ ಮುಟ್ಟಬೇಡಿ.

ಸರಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹದಿನೈದು ಇಪ್ಪತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದಿದ್ದ ಕರೆಂಟು ಖಾಲಿಯಾಗುತ್ತದೆ. ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ. ಒಳಗಿನ ಬಿಡಿಭಾಗ ಮುಟ್ಟುವ ಮೊದಲು ಪ್ರತಿ ಸಲವೂ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಮೇಲೆ ಸೇರಿದ ಸ್ಥಿರವಿದ್ಯುತ್ (ಸ್ಟ್ಯಾಟಿಕ್) ಇಳಿಯಲಿ. ಜನವರಿಯಿಂದ ಮಾರ್ಚ್‌ವರೆಗಿನ ನಮ್ಮ ಒಣಹವೆಯಲ್ಲಿ ಇದು ಮುಖ್ಯ.

ಮೊದಲು ಪ್ರೊಸೆಸರಿನ ಪವರ್ ಕೇಬಲ್ ನೋಡಿ. ಬೋರ್ಡಿಗೆ ಎಸ್‌ಎಂಪಿಎಸ್‌ನಿಂದ ಎರಡು ಕೇಬಲ್ ಬರುತ್ತವೆ: ಬದಿಯಲ್ಲಿ ಅಗಲವಾದ 24 ಪಿನ್ನಿನದು, ಪ್ರೊಸೆಸರಿನ ಹತ್ತಿರ ಮೂಲೆಯಲ್ಲಿ 4 ಅಥವಾ 8 ಪಿನ್ನಿನದು. ಪ್ರೊಸೆಸರ್ ಮೇಲಿನ ಕೂಲರ್ (ಅದನ್ನು ತಂಪಾಗಿಡುವ ಫ್ಯಾನ್ ಮತ್ತು ಲೋಹದ ಗಟ್ಟಿ) ತೆಗೆಯುವಾಗ ಕೈಗೆ ಅಡ್ಡ ಬರುತ್ತದೆಂದು ಮೂಲೆಯದನ್ನು ಕಿತ್ತು, ಆಮೇಲೆ ಮರೆಯುವವರು ಬಹಳ. ಅದು ಸಡಿಲವಾಗಿದ್ದರೂ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ನೀವು ಹೇಳಿದ ಲಕ್ಷಣವೇ. ಲಾಕ್ ಕಚ್ಚುವ ತನಕ ಒತ್ತಿ.

ಆಮೇಲೆ ರ‍್ಯಾಮ್. ಎರಡನ್ನೂ ತೆಗೆಯಿರಿ, ಹೊಸದನ್ನು ಪಕ್ಕಕ್ಕಿಡಿ. ಹಳೆಯದರ ಬಂಗಾರದ ಬಣ್ಣದ ಅಂಚನ್ನು ಮೆತ್ತಗಿನ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಝಾಡಿಸಿ. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಗಳ ಆಸುಪಾಸಿನಿಂದ ಬರುವ ಕಂಪ್ಯೂಟರುಗಳಲ್ಲಿ ಹೊಗೆಯ ಮಸಿ, ತೌಡಿನ ಪುಡಿ ಸೇರಿ ಅಂಟಂಟಾದ ಪದರ ಕೂತಿರುತ್ತದೆ. ಬರೀ ಊದಿದರೆ ಹೋಗುವುದಿಲ್ಲ. ನಾಲ್ಕು ಸ್ಲಾಟ್ ಇರುವ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎರಡನೆಯದರಲ್ಲಿ ಹಾಕಿ. ಎರಡೇ ಇದ್ದರೆ ಮೊದಲು ಒಂದರಲ್ಲಿ, ಬರದಿದ್ದರೆ ಇನ್ನೊಂದರಲ್ಲಿ.

ಇಲ್ಲಿ ಸ್ವಲ್ಪ ನಿಂತು ನೋಡಿ. ಈಗಿನ ಹಲವು ಬೋರ್ಡುಗಳಲ್ಲಿ ಸ್ಲಾಟಿನ ಒಂದು ತುದಿಯಲ್ಲಿ ಮಾತ್ರ ತೆರೆಯುವ ಲಾಕ್ ಇರುತ್ತದೆ, ಇನ್ನೊಂದು ತುದಿ ಅಲ್ಲಾಡುವುದಿಲ್ಲ. ಲಾಕ್ ಇರುವ ಕಡೆ ‘ಟಕ್’ ಅಂದರೆ ಕೆಲಸ ಮುಗಿಯಿತೆಂದು ಬಿಟ್ಟುಬಿಡುತ್ತೇವೆ. ಲಾಕ್ ಇಲ್ಲದ ತುದಿ ಕೂದಲೆಳೆಯಷ್ಟು ಮೇಲೆದ್ದೇ ಇರುತ್ತದೆ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿ: ಸ್ಲಾಟಿನ ಮೇಲಂಚಿನಲ್ಲಿ ಬಂಗಾರದ ಗೆರೆ ಒಂದು ಕಡೆ ಕಂಡು ಇನ್ನೊಂದು ಕಡೆ ಮರೆಯಾಗಿದ್ದರೆ ರ‍್ಯಾಮ್ ಓರೆಯಾಗಿ ಕೂತಿದೆ. ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮನಾಗಿ ಒತ್ತಿ. ಅಪ್‌ಗ್ರೇಡ್ ಮಾಡಿ ಕೆಟ್ಟಿತೆಂದು ರಿಪೇರಿಗೆ ಬರುವ ಯಂತ್ರಗಳಲ್ಲಿ ಇಷ್ಟಕ್ಕೇ ಎದ್ದು ಕೂರುವವು ಬಹಳ ಇವೆ.

ಮೂರನೆಯದು ಬಯೋಸಿನ ಹಳೇ ನೆನಪು ಅಳಿಸುವುದು. ಬೋರ್ಡಿನ ಮೇಲೆ ನಾಣ್ಯದಂಥ ಸಿಆರ್2032 ಸೆಲ್ ಇದೆ. ಪ್ಲಗ್ ಕಿತ್ತ ಸ್ಥಿತಿಯಲ್ಲೇ ಅದನ್ನು ತೆಗೆದು ಹತ್ತು ನಿಮಿಷ ಬಿಡಿ, ನಡುವೆ ಪವರ್ ಬಟನ್ ಒಮ್ಮೆ ಒತ್ತಿ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಸೆಲ್ ಅಳೆಯಿರಿ: ಹೊಸದು 3 ವೋಲ್ಟ್ ತೋರಿಸುತ್ತದೆ, 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ಇಷ್ಟು ವರ್ಷ ಓಡಿದ ಸೆಲ್ ಬದಲಿಸುವುದು ಹೇಗೂ ಒಳ್ಳೆಯದು. ಪ್ಲಸ್ ಗುರುತು ಮೇಲಿರುವಂತೆ ವಾಪಸ್ ಹಾಕಿ.

ಈಗ ಹಾರ್ಡ್ ಡಿಸ್ಕ್, ಪ್ರಿಂಟರ್, ಪೆನ್‌ಡ್ರೈವ್ ಯಾವುದೂ ಬೇಡ. ಬೋರ್ಡ್, ಹಳೇ ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಕೀಬೋರ್ಡ್, ಮಾನಿಟರ್, ಇಷ್ಟೇ ಇರಲಿ. ಮಾನಿಟರಿನ ಇನ್‌ಪುಟ್ ಎಚ್‌ಡಿಎಂಐಗೇ ಇದೆಯೇ ನೋಡಿಕೊಂಡು ಸ್ವಿಚ್ ಒತ್ತಿ. ನೆನಪು ಅಳಿಸಿದ ಮೇಲೆ ಮೊದಲ ಸಲ ಬೋರ್ಡ್ ತಾನೇ ಎರಡು ಮೂರು ಬಾರಿ ಆಫ್ ಆಗಿ ಆನ್ ಆಗಬಹುದು; ರ‍್ಯಾಮ್ ವೇಗವನ್ನು ಅದು ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಆರಿಸಬೇಡಿ, ಎರಡು ಮೂರು ನಿಮಿಷ ಕಾಯಿರಿ. ಬೋರ್ಡಿನ ಅಂಚಿನಲ್ಲಿ ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್ ಎಂದು ಬರೆದ ಪುಟ್ಟ ದೀಪಗಳಿದ್ದರೆ ಯಾವುದು ಆರದೆ ಉಳಿಯುತ್ತದೆಂದು ಗುರುತು ಮಾಡಿಕೊಳ್ಳಿ. ಅದು ಯಾರ ಊಹೆಗಿಂತಲೂ ಗಟ್ಟಿ ಸಾಕ್ಷಿ.

ಡ್ರ್ಯಾಮ್ ದೀಪ ನಿಂತರೆ ರ‍್ಯಾಮನ್ನು ಇನ್ನೊಮ್ಮೆ, ಬೇರೆ ಸ್ಲಾಟಿನಲ್ಲಿ. ಸಿಪಿಯು ದೀಪ ನಿಂತರೆ, ಅಥವಾ ಯಾವ ದೀಪವೂ ಇಲ್ಲದೆ ಬರೀ ಕಪ್ಪಾಗಿದ್ದರೆ, ಪ್ರೊಸೆಸರ್ ತೆಗೆದು ನೋಡಲೇಬೇಕು.

ನಿಮ್ಮ ಬೋರ್ಡಿನ ಸಾಕೆಟ್ಟಿನ ಹೆಸರು ಎಎಂ4. ಎಎಂ4 ಪ್ರೊಸೆಸರಿನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ, ಒಟ್ಟು 1331. ಇಂಟೆಲ್‌ನಲ್ಲಿ ಅವು ಬೋರ್ಡಿನ ಸಾಕೆಟ್ಟಿನಲ್ಲಿರುತ್ತವೆ. ವರ್ಷಗಟ್ಟಲೆ ಬಿಸಿಗೆ ಒಣಗಿದ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಗಾರೆಯಂತೆ ಗಟ್ಟಿಯಾಗಿ ಕೂಲರಿಗೂ ಪ್ರೊಸೆಸರಿಗೂ ಬೆಸುಗೆ ಹಾಕಿಬಿಡುತ್ತದೆ. ಸ್ಕ್ರೂ ಬಿಚ್ಚಿ ಕೂಲರನ್ನು ನೇರ ಮೇಲೆ ಎಳೆದರೆ, ಸಾಕೆಟ್ಟಿನ ಕಡ್ಡಿ ಲಾಕ್ ಆಗಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ, ಬರುವಾಗ ಪಿನ್ನು ಬಾಗುತ್ತದೆ. ನೀವು ಹಳೆಯದನ್ನು ಮೊದಲ ಸಲ ತೆಗೆದಾಗ ಕೂಲರಿನ ಜೊತೆಗೇ ಬಂತೇ? ಬಂದಿದ್ದರೆ ನನ್ನ ಅನುಮಾನವೆಲ್ಲ ಅಲ್ಲೇ.

ಈ ಸಲ ನೇರ ಎಳೆಯಬೇಡಿ. ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚುತ್ತಾ ಸಡಿಲಿಸಿ. ಬೋರ್ಡಿನ ಹಿಂದಿರುವ ಲೋಹದ ಪಟ್ಟಿ ಬಿದ್ದುಹೋಗದಂತೆ ಕ್ಯಾಬಿನೆಟ್ ಮಲಗಿಸಿಯೇ ಇರಲಿ. ಕಡ್ಡಿ ಎತ್ತಿ, ಪ್ರೊಸೆಸರಿನ ಅಂಚು ಹಿಡಿದು ಮೇಲೆತ್ತಿ. ಬೆಳಕಿನ ಎದುರು ಓರೆಯಾಗಿ ಹಿಡಿದು ಸಾಲುಗಳ ಉದ್ದಕ್ಕೂ ಕಣ್ಣೋಡಿಸಿ. ಎಲ್ಲ ಪಿನ್ನೂ ನೆಟ್ಟಗಿದ್ದರೆ ಸಾಲಿನ ನಡುವಿನ ಓಣಿಗಳು ಈ ತುದಿಯಿಂದ ಆ ತುದಿಗೆ ನೇರ ಕಾಣುತ್ತವೆ. ಒಂದು ಬಾಗಿದ್ದರೂ ಓಣಿ ಅಲ್ಲಿ ಮುಚ್ಚಿರುತ್ತದೆ. ನಾಲ್ಕೂ ಕಡೆಯಿಂದ ನೋಡಿ. ಬಾಗಿದ ಪಿನ್ ಸಿಕ್ಕರೆ ಲೆಡ್ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ತೂತಿನೊಳಗೆ ಅದನ್ನು ತೂರಿಸಿ, ಒಂದೇ ಏಟಿಗೆ ಬೇಡ, ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡಿ. ಮುರಿದಿದ್ದರೆ ಕೈಬಿಡಿ. ಪಿನ್ನುಗಳ ನಡುವೆ ಪೇಸ್ಟ್ ಇಳಿದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತಗಿನ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಿ. ವಾಪಸ್ ಇಡುವಾಗ ಮೂಲೆಯ ಬಂಗಾರದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಬೇಕು. ತನ್ನ ಭಾರಕ್ಕೇ ಸಲೀಸಾಗಿ ಇಳಿಯಬೇಕು, ಒತ್ತಬೇಕಾಗಿ ಬಂದರೆ ಏನೋ ಸರಿಯಿಲ್ಲ. ಹಳೇ ಪೇಸ್ಟ್ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದು ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಫ್ಯಾನ್ ವೈರ್ ಮರೆಯಬೇಡಿ.

ಇಷ್ಟಾದ ಮೇಲೆ ಹಳೇ ಪ್ರೊಸೆಸರಿನಲ್ಲಿ ಡಿಸ್‌ಪ್ಲೇ ಬರುತ್ತದೆಂಬ ನಂಬಿಕೆ ನನಗಿದೆ. ಇನ್ನೂ ಬರದಿದ್ದರೆ, ಪರಿಚಯದ ಒಬ್ಬರ ಎಎಂ4 ಕಂಪ್ಯೂಟರಿನಲ್ಲಿ ನಿಮ್ಮ 3200ಜಿ ಮತ್ತು ರ‍್ಯಾಮ್ ಹಾಕಿ ನೋಡಿ. ಅಲ್ಲಿ ಓಡಿದರೆ ಮಾತ್ರ ಬೋರ್ಡಿನ ಮೇಲೆ ಅನುಮಾನ ಪಡಿ. ಆ ಪರೀಕ್ಷೆ ಮಾಡದೆ ಬೋರ್ಡ್ ಹೋಗಿದೆ ಅಂದವರ ಮಾತಿಗೆ ದುಡ್ಡು ಹಾಕಬೇಡಿ.

ಡಿಸ್‌ಪ್ಲೇ ಬಂತೆನ್ನಿ. ಕೂಡಲೇ ಹೊಸ ಪ್ರೊಸೆಸರ್ ಕೈಗೆತ್ತಿಕೊಳ್ಳಬೇಡಿ. ಹೊಸ ರ‍್ಯಾಮ್ ಒಂದನ್ನೇ ಸೇರಿಸಿ ಒಂದೆರಡು ದಿನ ಕೆಲಸ ಮಾಡಿ. ಎರಡರ ವೇಗ ಬೇರೆಯಿದ್ದರೆ ಎರಡೂ ಕಡಿಮೆ ವೇಗದಲ್ಲಿ ಓಡುತ್ತವೆ, ತೊಂದರೆಯಿಲ್ಲ. ನನ್ನ ಅನಿಸಿಕೆ ಕೇಳಿದರೆ, ದೊಡ್ಡ ಫೈಲಿಗೆ ಒದ್ದಾಡುತ್ತಿದ್ದ ನಿಮ್ಮ ಯಂತ್ರಕ್ಕೆ ಮುಕ್ಕಾಲು ಪಾಲು ಬೇಕಿದ್ದದ್ದು ಈ 16 ಜಿಬಿಯೇ. ಸೀಸನ್ ಮುಗಿಯುವವರೆಗೆ ಅಷ್ಟರಲ್ಲೇ ನಡೆಯಬಹುದು.

ಪ್ರೊಸೆಸರ್ ಬೇಕೇ ಬೇಕು ಅಂದರೆ, 5600 ವಾಪಸ್ ಕೊಟ್ಟು 5600ಜಿ ತೆಗೆದುಕೊಳ್ಳಲು ಸಾಧ್ಯವೇ ವಿಚಾರಿಸಿ. ಅದರಲ್ಲಿ ಗ್ರಾಫಿಕ್ಸ್ ಒಳಗೇ ಇದೆ, ಲಗ್ನಪತ್ರಿಕೆ ಮತ್ತು ಫ್ಲೆಕ್ಸ್ ಕೆಲಸಕ್ಕೆ ಧಾರಾಳ ಸಾಕು. ಫೋನಿನಲ್ಲೇ ಮಾತಾಡಿಕೊಂಡು ಹೊರಡಿ. ಒಮ್ಮೆ ಹಾಕಿ ತೆಗೆದ ಪ್ರೊಸೆಸರನ್ನು ಎಲ್ಲರೂ ಬದಲಿಸಿ ಕೊಡುವುದಿಲ್ಲ. ಒಪ್ಪದಿದ್ದರೆ ಜಿಟಿ 710ನಂಥ ಒಂದು ಸಣ್ಣ ಸೆಕೆಂಡ್‌ಹ್ಯಾಂಡ್ ಕಾರ್ಡ್ ಸಾಕು, ಅದಕ್ಕೆ ಬೇರೆ ಪವರ್ ಕೇಬಲ್ ಕೂಡ ಬೇಡ.

5600ಜಿ ಕೂಡ 2021ರದು, ಆದ್ದರಿಂದ ಯಾವುದನ್ನೇ ಹಾಕಿದರೂ ಮೊದಲು ಹಳೇ ಪ್ರೊಸೆಸರ್ ಮೇಲಿರುವಾಗಲೇ ಬಯೋಸ್ ಅಪ್‌ಡೇಟ್ ಆಗಬೇಕು. ಡಿಲೀಟ್ ಕೀ ಒತ್ತುತ್ತಾ ಆನ್ ಮಾಡಿದರೆ ಬಯೋಸ್ ಪರದೆ ಬರುತ್ತದೆ, ಅದರ ಆವೃತ್ತಿ ಮತ್ತು ತಾರೀಕು ಮೊದಲ ಪುಟದಲ್ಲೇ ಇರುತ್ತದೆ. ಬೋರ್ಡಿನ ಪೂರ್ತಿ ಹೆಸರು, ರೆವಿಷನ್ ಸಂಖ್ಯೆ ಸಮೇತ, ಬೋರ್ಡಿನ ಮೇಲೇ ಅಚ್ಚಾಗಿದೆ, ಫೋಟೊ ತೆಗೆದುಕೊಳ್ಳಿ. ತಯಾರಕರ ವೆಬ್‌ಸೈಟಿನಲ್ಲಿ ಆ ಹೆಸರಿನ ಪ್ರೊಸೆಸರ್ ಪಟ್ಟಿ ತೆರೆದರೆ ನಿಮ್ಮದಕ್ಕೆ ಯಾವ ಆವೃತ್ತಿಯ ಬಯೋಸ್ ಬೇಕೆಂದು ಇರುತ್ತದೆ. ಕೆಲವು ಬೋರ್ಡುಗಳಿಗೆ ನಡುವಿನ ಒಂದು ಆವೃತ್ತಿ ಮೊದಲು ಹಾಕಬೇಕು. ಡೌನ್‌ಲೋಡ್ ಪಕ್ಕದ ಟಿಪ್ಪಣಿಯಲ್ಲಿ ಅದನ್ನು ಬರೆದಿರುತ್ತಾರೆ, ಓದದೆ ಮುಂದೆ ಹೋಗಬೇಡಿ. ಫೈಲನ್ನು ಜಿಪ್‌ನಿಂದ ಹೊರತೆಗೆದು, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ಬಯೋಸ್ ಒಳಗಿನ ಫ್ಲ್ಯಾಶ್ ಸೌಲಭ್ಯದಿಂದಲೇ ಏರಿಸಿ. ಎಂಎಸ್‌ಐನಲ್ಲಿ ಅದರ ಹೆಸರು ಎಂ-ಫ್ಲ್ಯಾಶ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್, ಆಸುಸ್‌ನಲ್ಲಿ ಈಝಿ ಫ್ಲ್ಯಾಶ್. ನಡುವೆ ಕರೆಂಟು ಹೋದರೆ ಬೋರ್ಡ್ ಸತ್ತಂತೆ, ಆಮೇಲೆ ಬಯೋಸ್ ಚಿಪ್ಪನ್ನು ಪ್ರೋಗ್ರಾಮರ್ ಹಾಕಿ ಬರೆಯುವವರನ್ನು ಹುಡುಕಬೇಕು. ಬೆಸ್ಕಾಂನವರು ಲೈನ್ ತೆಗೆಯುವ ದಿನ ಬೇಡ, ಮಳೆ ಗಾಳಿಯ ಸಂಜೆಯೂ ಬೇಡ. ಯುಪಿಎಸ್ ಕಡ್ಡಾಯ, ಅದರ ಬ್ಯಾಟರಿ ನಿಜಕ್ಕೂ ಹತ್ತು ನಿಮಿಷ ತಡೆಯುತ್ತದೆಯೇ ಎಂದು ಹಿಂದಿನ ದಿನವೇ ಪ್ಲಗ್ ಕಿತ್ತು ಪರೀಕ್ಷಿಸಿ.

ಹೊಸ ಪ್ರೊಸೆಸರ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ‘ಹೊಸ ಸಿಪಿಯು ಬಂದಿದೆ, ಎಫ್‌ಟಿಪಿಎಂ ರೀಸೆಟ್ ಮಾಡಲೇ’ ಎಂಬರ್ಥದ ಇಂಗ್ಲಿಷ್ ಸಂದೇಶ ಬಂದು, ವೈ ಅಥವಾ ಎನ್ ಒತ್ತಲು ಕೇಳಬಹುದು. ಇದು ದೋಷವಲ್ಲ. ಎಫ್‌ಟಿಪಿಎಂ ಅಂದರೆ ಡ್ರೈವಿನ ಬೀಗದ ಕೀಗಳಂಥ ಗುಟ್ಟುಗಳನ್ನು ಇಟ್ಟುಕೊಳ್ಳುವ ಭದ್ರತಾ ಭಾಗ. ಆದರೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡ್ರೈವಿಗೆ ಬೀಗ ಹಾಕುವ ಸೌಲಭ್ಯ) ಆನ್ ಆಗಿದ್ದು, 48 ಅಂಕಿಯ ರಿಕವರಿ ಕೀ ನಿಮ್ಮ ಬಳಿ ಇಲ್ಲದೆ ವೈ ಒತ್ತಿದರೆ ಡ್ರೈವ್ ತೆರೆಯಲು ಆಗದೇ ಹೋಗಬಹುದು. ಪ್ರೊಸೆಸರ್ ಬದಲಿಸುವ ಮುಂಚೆಯೇ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ನೋಡಿ, ಆನ್ ಇದ್ದರೆ ಆಫ್ ಮಾಡಿ, ಡ್ರೈವ್ ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ. ಆಗ ವೈ ಒತ್ತಲು ಭಯವಿಲ್ಲ. ಅನುಮಾನ ಉಳಿದರೆ ಎನ್ ಒತ್ತಿ. ಹಳೇ ಪ್ರೊಸೆಸರ್ ವಾಪಸ್ ಹಾಕಿದರೆ ಹಳೇ ಕೀಗಳು ಹಾಗೇ ಸಿಗುತ್ತವೆ.

ಡಿಸ್‌ಪ್ಲೇ ಬಂದು ವಿಂಡೋಸ್ ಮಾತ್ರ ಬರದಿದ್ದರೆ ಅದು ಬೇರೆಯದೇ, ಹಗುರವಾದ ಸಮಸ್ಯೆ. ಸೆಲ್ ತೆಗೆದಾಗ ಬಯೋಸ್ ಸೆಟ್ಟಿಂಗ್ ಮೊದಲಿನಂತಾಗಿರುತ್ತದೆ. ಬೂಟ್ ಪಟ್ಟಿಯಲ್ಲಿ ನಿಮ್ಮ ಎಸ್‌ಎಸ್‌ಡಿಯನ್ನು ಮೊದಲಿಗೆ ತನ್ನಿ. 2019ರಲ್ಲಿ ವಿಂಡೋಸನ್ನು ಹಳೇ ಲೆಗಸಿ ಪದ್ಧತಿಯಲ್ಲಿ ಹಾಕಿದ್ದರೆ ಬಯೋಸಿನಲ್ಲಿ ಸಿಎಸ್‌ಎಂ (ಹಳೇ ಪದ್ಧತಿಗೆ ಹೊಂದಿಕೊಳ್ಳುವ ಸೆಟ್ಟಿಂಗ್) ಆನ್ ಮಾಡಬೇಕಾಗಬಹುದು. ತಾರೀಕು ಮತ್ತು ಸಮಯ ಸರಿಪಡಿಸುವುದನ್ನು ಮರೆಯಬೇಡಿ, ತಾರೀಕು ತಪ್ಪಿದ್ದರೆ ಬ್ರೌಸರಿನಲ್ಲಿ ಯಾವ ಸೈಟೂ ಸರಿಯಾಗಿ ತೆರೆಯದೆ ಇಂಟರ್ನೆಟ್ಟೇ ಹೋಗಿದೆ ಅನ್ನಿಸುತ್ತದೆ.

ಸಿಪಿಯು ದೀಪ ನಿಂತಿತೋ ಡ್ರ್ಯಾಮ್ ದೀಪವೋ, ಕೂಲರ್ ಜೊತೆ ಪ್ರೊಸೆಸರ್ ಕಿತ್ತುಬಂದಿತ್ತೋ ಇಲ್ಲವೋ, ಬೋರ್ಡಿನ ಪೂರ್ತಿ ಹೆಸರೇನು, ಈ ಮೂರನ್ನು ಬರೆದು ಕಳಿಸಿ. ಮುಂದಿನ ಹೆಜ್ಜೆ ಹೇಳಲು ಅಷ್ಟು ಸಾಕು.